ಕಳೆಯಬೇಕಿದ್ದ ಒಂದಡಿ

ನಮ್ಮ ಪುರಸಭೆಯ ಕಂದಾಯ ವಿಭಾಗದಲ್ಲಿ ಮನೆ ಅಳೆಯುವವರೊಬ್ಬರಿದ್ದರು. ಊರೆಲ್ಲ ಅವರನ್ನು ಕರೆಯುತ್ತಿದ್ದುದು ಟೇಪಣ್ಣ ಅಂತ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಅದನ್ನು ಓದಿದ ಕ್ಯಾಷಿಯರ್ ಕೂಡ ಇದು ಯಾರಪ್ಪ ಅಂತ ತಲೆಯೆತ್ತಿ ನೋಡಿ, ಓ ನೀವಾ ಅಂತ ದುಡ್ಡು ಎಣಿಸುತ್ತಿದ್ದರು. ಟೇಪಣ್ಣ ಅಳೆದು ಕೂಗುವವರು, ನಾನು ಬರೆದುಕೊಂಡು ಲೆಕ್ಕ ಹಾಕುವವಳು. ಹದಿನೇಳು ವರ್ಷ ಒಂದೇ ಟೇಬಲ್ಲಿನ ಆಚೆ ಈಚೆ ಕೂತು ಊರಿನವರ ಬೈಗುಳವನ್ನು ಸಮಪಾಲು ಮಾಡಿಕೊಂಡು ತಿಂದಿದ್ದೇವೆ.

ಮನುಷ್ಯ ಒಳ್ಳೆಯವರು. ಆದರೆ ಅಷ್ಟು ಒಳ್ಳೆಯವರ ಜೊತೆ ಏಗುವುದು ಎಂಥ ಕರ್ಮ ಅಂತ ಏಗಿದವರಿಗೇ ಗೊತ್ತು. ಒಂದು ಪೆನ್ಸಿಲ್ ಕೊಟ್ಟರೂ ಸಹಿ ಹಾಕಿಸಿಕೊಳ್ಳುತ್ತಿದ್ದರು. ಗುಂಡುಸೂಜಿಗೂ ಸಹಿ. ಒಮ್ಮೆ ನನಗೆ ಜ್ವರ ಬಂದು ಟೇಬಲ್ ಮೇಲೆ ತಲೆಯಿಟ್ಟು ಮಲಗಿದ್ದಾಗ ತಾವೇ ಹೋಗಿ ಎರಡು ಮಾತ್ರೆ ತಂದರು, ನೀರು ಕೊಟ್ಟರು, ನಾನು ನುಂಗಿದ ಮೇಲೆ ಚೀಟಿ ಮುಂದಿಟ್ಟು "ಇಲ್ಲೊಂದು ಸಹಿ" ಅಂದರು. ಅವರು ಚಾಚಿದ ಕಾಗದದಲ್ಲಿ ಏನು ಬರೆದಿದೆ ಅಂತ ನೋಡುವ ಅಭ್ಯಾಸವನ್ನು ನಾನು ಸೇರಿದ ಮೊದಲ ತಿಂಗಳಲ್ಲೇ ಬಿಟ್ಟಿದ್ದೆ. ಸಹಿ ಗೀಚಿ ಕೈತೊಳೆದುಕೊಳ್ಳುವುದೇ ಸುಲಭವಾಗಿತ್ತು.

ಇನ್ನೊಂದು ಅವರ ನಿಯಮ. ಓದುವುದು ಅವರ ಕೆಲಸ, ಲೆಕ್ಕ ನನ್ನ ಕೆಲಸ. ಟೇಪಿನಲ್ಲಿ ಏನು ಕಂಡಿತೋ ಅದನ್ನು ಗಂಟಲು ಹರಿಯುವಂತೆ ಕೂಗುತ್ತಿದ್ದರೇ ಹೊರತು ಕೂಡುವುದು ಗುಣಿಸುವುದಕ್ಕೆ ಕೈ ಹಾಕುತ್ತಿರಲಿಲ್ಲ. "ಪುಸ್ತಕಮ್ಮ, ಬರ್ಕೋ" ಅನ್ನುವುದು ಅವರು ನನಗೆ ಅತಿ ಹೆಚ್ಚು ಸಲ ಹೇಳಿದ ಮಾತು. ಪುಸ್ತಕಮ್ಮ ಅಂದರೆ ನಾನು, ಪುಸ್ತಕ ಅಂದರೆ ನನ್ನ ತೊಡೆಯಷ್ಟು ದಪ್ಪದ ಅಳತೆ ಪುಸ್ತಕ. ಊರಿನ ಎರಡು ಸಾವಿರದ ಮುನ್ನೂರು ಕಟ್ಟಡಗಳ ಉದ್ದ ಅಗಲ ಅದರಲ್ಲಿತ್ತು. ಪುಟದ ಗುರುತಿಗೆ ನಾನು ಒಂದು ಬಟ್ಟೆ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಗೋಂದು ಮೆತ್ತಿ, ಒಳಗಿಟ್ಟುಕೊಂಡಿದ್ದೆ. ಕೈಕೊಳೆ ಹತ್ತಿ ಹತ್ತಿ ಅದಕ್ಕೆ ಬಣ್ಣವೇ ಇರಲಿಲ್ಲ.

ಊರನ್ನೆಲ್ಲ ಹೊಸದಾಗಿ ಅಳೆದದ್ದು ಹನ್ನೊಂದು ವರ್ಷದ ಹಿಂದೆ. ಆ ಕೆಲಸ ಶುರುವಾದ ಮೊದಲ ದಿನವೇ ಟೇಪಿಗೆ ಗಂಡಾಂತರ ಬಂತು. ಒಂದು ಅಂಗಡಿಯಲ್ಲಿ ಅಳೆಯುವಾಗ ರೋಲಿಂಗ್ ಷಟರ್ ಧಡಾರನೆ ಬಿದ್ದು ಟೇಪಿನ ತುದಿ ಅದರಡಿ ಸಿಕ್ಕಿ ಅಲ್ಲಲ್ಲಿ ಹರಿಯಿತು. ಟೇಪಣ್ಣ ಹೊಸ ಟೇಪಿಗೆ ಅರ್ಜಿ ಹಾಕಿದರು. ನೂರು ಅಡಿಯಲ್ಲಿ ಇನ್ನೂ ತೊಂಬತ್ತೊಂಬತ್ತು ಅಡಿ ಬಳಕೆಗೆ ಯೋಗ್ಯವಾಗಿರುವುದರಿಂದ ಕೋರಿಕೆಯನ್ನು ಪರಿಗಣಿಸಲಾಗದು ಅಂತ ಮೇಲಿನಿಂದ ಉತ್ತರ ಬಂತು. ಸರಿ, ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ಹಾಳಾದ ಮೊದಲ ಅಡಿಯನ್ನು ಕತ್ತರಿಸಿ, ಉಳಿದ ತುದಿಗೆ ಹಿತ್ತಾಳೆಯ ಬಳೆಯನ್ನು ಮತ್ತೆ ಹೊಲಿಸಿಕೊಂಡು ಬಂದರು. ಕೆಲಸ ಮುಂದುವರಿಯಿತು.

ಅದೇ ದಿನಗಳಲ್ಲಿ ಅವರ ಮನೆಗೊಂದು ಬೀರು ಮಾಡಿಸಿದರು. ಮಲಗುವ ಕೋಣೆಯ ಗೋಡೆಯಲ್ಲಿದ್ದ ಗೂಡನ್ನು ಆಫೀಸಿನ ಟೇಪಿನಲ್ಲಿ ತಾವೇ ಅಳೆದು ಬಡಗಿಗೆ ಹೇಳಿದರು. ಬೀರು ಬಂದಾಗ ಗೂಡಿಗಿಂತ ಒಂದಡಿ ಅಗಲ. ಟೇಪಣ್ಣ ಬಡಗಿಯನ್ನು ಕಳ್ಳ, ಕುರುಡ ಅಂತ ಬಾಯಿಗೆ ಬಂದಂತೆ ಬೈದರು. ಆ ಬೀರು ಅಂದಿನಿಂದ ನಡುಮನೆಯಲ್ಲಿ ಅರ್ಧ ಕಿಟಕಿಗೆ ಅಡ್ಡ ನಿಂತಿತು. ಅವರ ಹೆಂಡತಿ ಹಗಲೂ ದೀಪ ಹಾಕಿಕೊಂಡು ತರಕಾರಿ ಹೆಚ್ಚುತ್ತಿದ್ದರು, ಪ್ರತಿ ಸಲ ಸ್ವಿಚ್ ಒತ್ತುವಾಗಲೂ ಬಡಗಿಗೆ ಒಂದು ಶಾಪ ಬೀಳುತ್ತಿತ್ತು.

ಕಂದಾಯದ ದರ ಹೇಗೆ ಬರುತ್ತದೆ ಅನ್ನುವುದು ಟೇಪಣ್ಣನಿಗೆ ಬಹಳ ಪ್ರೀತಿಯ ವಿಷಯ. ಅವರಿಗೆ ಕೂಡುವುದು ಗುಣಿಸುವುದು ಬರುವುದಿಲ್ಲವೆಂದಲ್ಲ, ಆಫೀಸಿನಲ್ಲಿ ಮಾಡುವುದಿಲ್ಲ ಅಷ್ಟೇ. ಟೀ ಅಂಗಡಿಯಲ್ಲಿ ಬೇಕಾದಷ್ಟು ಮಾಡುತ್ತಿದ್ದರು. ಮನೆಯ ಉದ್ದ ಅಗಲ ಗುಣಿಸಿದರೆ ಚದರಡಿ. ಆ ಬೀದಿಗೆ ಚದರಡಿಗೆ ಇಷ್ಟು ಅಂತ ಗೊತ್ತುಮಾಡಿದ ಬೆಲೆಯಿಂದ ಅದನ್ನು ಗುಣಿಸಿದರೆ ಮನೆಯ ಬೆಲೆ. ಆ ಬೆಲೆಯಲ್ಲಿ ಸಾವಿರಕ್ಕೆ ಎಂಟರಂತೆ ಕಂದಾಯ. ಈ ಎಂಟು ಯಾರದೋ ತಲೆಯಿಂದ ಉದುರಿದ್ದಲ್ಲ ಅಂತ ಅವರು ಬೆಂಚು ಕುಟ್ಟಿ ಹೇಳುತ್ತಿದ್ದರು. ದೀಪ, ನೀರು, ಚರಂಡಿ, ನಮ್ಮ ಸಂಬಳ ಎಲ್ಲ ಸೇರಿ ಊರಿಗೆ ವರ್ಷಕ್ಕೆ ಇಷ್ಟು ಬೇಕು. ಬೇರೆ ಕಡೆಯಿಂದ ಬರುವುದನ್ನು ಅದರಲ್ಲಿ ಕಳೆ. ಉಳಿದದ್ದನ್ನು ಊರಿನ ಎಲ್ಲ ಕಟ್ಟಡಗಳ ಒಟ್ಟು ಬೆಲೆಯಿಂದ ಭಾಗಿಸು, ಸಾವಿರದಿಂದ ಗುಣಿಸು. ಬಂದದ್ದೇ ದರ.

ಇದು ನೀರು ಕುಡಿದಷ್ಟು ಸುಲಭ ಅಂತ ಅವರ ನಂಬಿಕೆ. ಊರಿಗೆ ಹಾಗನ್ನಿಸುತ್ತಿರಲಿಲ್ಲ. ಒಂದು ದಿನ ಕ್ಷೌರದ ಅಂಗಡಿಯವನು ಇವರ ಗಡ್ಡ ಹೆರೆಯುತ್ತಾ, ಪಕ್ಕದ ಊರಿನಲ್ಲಿ ದರ ಬರೀ ಸೊನ್ನೆ ಪಾಯಿಂಟ್ ಎಂಟಂತೆ, ನಮ್ಮಲ್ಲಿ ಎಂಟು, ಹತ್ತು ಪಟ್ಟು ಸುಲಿಗೆ ಅಂದ. ಟೇಪಣ್ಣ ಕುರ್ಚಿಯಲ್ಲೇ ತಿರುಗಿ, ಅವರು ಹೇಳುವುದು ನೂರಕ್ಕೆ, ನಾವು ಹೇಳುವುದು ಸಾವಿರಕ್ಕೆ, ಎರಡೂ ಒಂದೇ ಕಣಯ್ಯ ಅಂದರು. ಅವನು ಒಪ್ಪಲಿಲ್ಲ. ಇವರು ಬಿಡಲಿಲ್ಲ. ಅವನು ಕತ್ತಿ ಕೆಳಗಿಟ್ಟು ವಾದಕ್ಕೆ ನಿಂತ. ಕೊನೆಗೆ ಅರ್ಧ ಗಡ್ಡ ಹಾಗೇ ಉಳಿದದ್ದನ್ನು ಕನ್ನಡಿಯಲ್ಲಿ ನೋಡಿಕೊಂಡು, ಸರಿಯಪ್ಪ ಪಕ್ಕದ ಊರಿನವರೇ ಪುಣ್ಯವಂತರು ಅಂತ ಒಪ್ಪಿಕೊಂಡರು. ಪೂರ್ತಿ ಕ್ಷೌರ ಆದ ಮೇಲೆ ಬಾಗಿಲಲ್ಲಿ ನಿಂತು, ಆದರೂ ಎರಡೂ ಒಂದೇ ಅಂತ ಕೂಗಿ ಬಂದರು.

ನಮ್ಮ ವಾರ್ಡಿನ ಮೆಂಬರು ಇನ್ನೂ ಚಾಲಾಕಿ. ಹೊಸ ಅಳತೆ ಆದ ವರ್ಷ ಮನೆಗಳ ಬೆಲೆಯನ್ನೂ ಹೊಸದಾಗಿ ಕಟ್ಟಿದ್ದರಿಂದ ಒಟ್ಟು ಬೆಲೆ ಒಂದೂವರೆಪಟ್ಟಾಯಿತು. ಊರಿಗೆ ಬೇಕಾದ ಹಣ ಅಷ್ಟೇ ಇತ್ತು, ಹಾಗಾಗಿ ದರ ಸಾವಿರಕ್ಕೆ ಹನ್ನೆರಡರಿಂದ ಎಂಟಕ್ಕೆ ತಾನಾಗಿಯೇ ಇಳಿಯಿತು. ಮೊದಲು ಸಾವಿರಕ್ಕೆ ಹನ್ನೆರಡು, ಈಗ ಒಂದೂವರೆ ಸಾವಿರಕ್ಕೆ ಎಂಟರಂತೆ ಹನ್ನೆರಡು. ಕಟ್ಟುವುದು ಅದೇ. ಮೆಂಬರು ಮಾತ್ರ ಕಂದಾಯ ಇಳಿಸಿದ ಧೀರ ಅಂತ ತಮ್ಮದೇ ಫೋಟೋ ಹಾಕಿಸಿ ಗೋಡೆ ಗೋಡೆಗೂ ಅಂಟಿಸಿದರು. ಟೇಪಣ್ಣ ಆ ಪೋಸ್ಟರ್ ಮುಂದೆಯೇ ನಿಂತು ಪಾಠ ಮಾಡುತ್ತಿದ್ದರು. "ಎಲ್ಲರದೂ ಏರಿದ್ರೆ ಯಾರದೂ ಏರಿಲ್ಲ ಅಂತ ಅರ್ಥ. ದರ ತಾನೇ ಸರಿಮಾಡ್ಕೊಳ್ಳುತ್ತೆ." ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೆನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ.

ಇನ್ನು ಟೈಲರಮ್ಮ. ದೊಡ್ಡ ಗೋದಾಮಿನ ಮಗ್ಗುಲಲ್ಲಿ ಅವರದೊಂದು ಕೋಣೆ. ಕಿಟಕಿಯ ಹತ್ತಿರ ಕಾಲಿನಲ್ಲಿ ತುಳಿಯುವ ಹೊಲಿಗೆ ಮಿಷನ್, ನಡುವೆ ಒಂದು ಪರದೆ, ಪರದೆಯ ಹಿಂದೆ ಒಲೆ, ಹಾಸಿಗೆ ಮತ್ತು ಗುಂಡಿ ಹಚ್ಚುವ ಅತ್ತೆ. ಅತ್ತೆಗೆ ಕಿವಿ ಮಂದ, ಕೈ ಚುರುಕು. ಇಬ್ಬರ ಹೊಟ್ಟೆಯೂ ಆ ಮಿಷನ್ನಿನಿಂದಲೇ ತುಂಬಬೇಕು. ಪ್ರತಿ ವರ್ಷ ತಕರಾರು ಕೇಳುವ ದಿನ ಟೈಲರಮ್ಮ ಕುತ್ತಿಗೆಯಲ್ಲಿ ತಮ್ಮ ಟೇಪು ನೇತುಹಾಕಿಕೊಂಡೇ ಆಫೀಸಿಗೆ ಬಂದು ಒಂದೇ ಮಾತು ಹೇಳುತ್ತಿದ್ದರು, ನನ್ನ ಕೋಣೆ ಹತ್ತಡಿಗೆ ಹತ್ತಡಿ ಅಂತ. ಪುಸ್ತಕದಲ್ಲಿ ಹನ್ನೊಂದಕ್ಕೆ ಹನ್ನೊಂದು ಇತ್ತು. ಟೇಪಣ್ಣ ನಕ್ಕು, ಪುಸ್ತಕದಲ್ಲಿರೋದು ಟೇಪು ಹೇಳಿದ್ದು, ಟೇಪಿಗೆ ಯಾರ ಮೇಲೂ ಹಗೆಯಿಲ್ಲ ಅನ್ನುತ್ತಿದ್ದರು. ನಾವು ಅವರನ್ನು ನಂಬದಿದ್ದುದಕ್ಕೆ ಕಾರಣವೂ ಇತ್ತು. ಆ ದಿನ ಬಂದವರೆಲ್ಲರೂ ತಮ್ಮ ಮನೆ ಚಿಕ್ಕದು ಅಂತಲೇ ಅಳುತ್ತಿದ್ದರು. ಎಂಬತ್ತಡಿ ಉದ್ದದ ಗೋದಾಮಿನ ಯಜಮಾನರು ಕೂಡ ಅದು ಒಂದು ಗೂಡು, ಟೇಪೇ ಸುಳ್ಳು ಅಂತ ಗೊಣಗುತ್ತಿದ್ದರು.

ಮೂರು ವರ್ಷದ ಹಿಂದೆ ಟೈಲರಮ್ಮ ಬಂದು ನಾನೂರು ಮಾತ್ರ ಕಟ್ಟಿದರು. ಅವರ ಬೀದಿಯಲ್ಲಿ ಚದರಡಿಗೆ ಐನೂರು. ನೂರು ಚದರಡಿಗೆ ಐವತ್ತು ಸಾವಿರ, ಸಾವಿರಕ್ಕೆ ಎಂಟರಂತೆ ನಾನೂರು. ನಮ್ಮ ಪುಸ್ತಕದ ಪ್ರಕಾರ ನೂರ ಇಪ್ಪತ್ತೊಂದು ಚದರಡಿಗೆ ನಾನೂರ ಎಂಬತ್ತನಾಲ್ಕು. ಇಲ್ಲದ ಜಾಗಕ್ಕೆ ಕಂದಾಯ ಕಟ್ಟೋದಿಲ್ಲ ಅಂದರು, ಮುಂದಿನ ಎರಡು ವರ್ಷವೂ ನಾನೂರೇ ಕಟ್ಟಿದರು. ಬಾಕಿ ಇನ್ನೂರ ಐವತ್ತೆರಡಾಯಿತು. ಅದಕ್ಕೆ ದಂಡ, ದಂಡಕ್ಕೆ ನೋಟಿಸು, ನೋಟಿಸಿಗೊಂದು ಖರ್ಚು. ಕೊನೆಗೆ ಜಪ್ತಿ ನೋಟಿಸೇ ಹೊರಟಿತು. ತಿಂಗಳ ಮೂವತ್ತರೊಳಗೆ ಕಟ್ಟದಿದ್ದರೆ ಹೊಲಿಗೆ ಮಿಷನ್ ಎತ್ತಿಕೊಂಡು ಬರಬೇಕು. ಅದನ್ನು ಟೈಪು ಮಾಡಿದವಳು ನಾನು, ಅಂಟಿಸಿ ಬಂದವರು ಟೇಪಣ್ಣ. ಅವತ್ತು ಅವರು ಟೀ ಅಂಗಡಿಯಲ್ಲಿ ಪಾಠ ಮಾಡಲಿಲ್ಲ.

ನೋಟಿಸು ಅಂಟಿದ ಮರುದಿನ ಟೈಲರಮ್ಮ ಮರು ಅಳತೆಗೆ ಅರ್ಜಿ ಹಾಕಿದರು. ಅದಕ್ಕೆ ಶುಲ್ಕ ಐನೂರು. ಇನ್ನೂರ ಐವತ್ತೆರಡರ ಜಗಳಕ್ಕೆ ಐನೂರು ಸುರಿಯುವ ಹೆಂಗಸನ್ನು ನಾನು ಮೊದಲು ನೋಡಿದ್ದೇ ಅವತ್ತು. ಒಂದು ಶಾಲೆಯ ಮೂವತ್ತು ಜೊತೆ ಸಮವಸ್ತ್ರ ಹೊಲಿದು ಬಂದ ದುಡ್ಡಂತೆ. ರಸೀದಿ ಹರಿದು ಕೊಡುವಾಗ ನಾನು, ಬಾಕಿ ಕಟ್ಟಿಬಿಡಬಹುದಿತ್ತಲ್ಲಮ್ಮ ಅಂದೆ. ಕಟ್ಟಿದರೆ ಹನ್ನೊಂದು ಅಂತ ಒಪ್ಪಿಕೊಂಡ ಹಾಗೆ ಅಲ್ವಾ ಅಂದರು.

ಮೂವತ್ತಕ್ಕೆ ಇನ್ನು ಎಂಟು ದಿನ ಇರುವಾಗ ನಾವಿಬ್ಬರೂ ಅಳೆಯಲು ಹೋದೆವು. ಎಂದಿನಂತೆ ನಾನು ಹಿತ್ತಾಳೆಯ ಬಳೆಯನ್ನು ಗೋಡೆಗೆ ಒತ್ತಿ ಹಿಡಿದೆ. ಟೇಪಣ್ಣ ಮಿಷನ್ನಿನ ಪಕ್ಕದಿಂದ ನುಸುಳಿ, ಪರದೆ ಸರಿಸಿ, ಅತ್ತೆಯ ಹಾಸಿಗೆ ದಾಟಿ ಎದುರು ಗೋಡೆ ಮುಟ್ಟಿ "ಹನ್ನೊಂದು" ಅಂತ ಕೂಗಿದರು. ಅಗಲಕ್ಕೂ ಹನ್ನೊಂದು. ನಾನು ಬರೆದುಕೊಂಡೆ. ಟೇಪಣ್ಣ ಗೆದ್ದವರ ಹಾಗೆ ಟೇಪು ಸುತ್ತತೊಡಗಿದರು. ನನಗೆ ಐನೂರು ದಂಡವಾಯಿತಲ್ಲ ಅಂತ ಅಯ್ಯೋ ಅನ್ನಿಸಿತು, ನಿಜ ಹೇಳಬೇಕೆಂದರೆ ಸ್ವಲ್ಪ ಸಮಾಧಾನವೂ ಆಯಿತು.

ಟೈಲರಮ್ಮ ಕುತ್ತಿಗೆಯಿಂದ ತಮ್ಮ ಟೇಪು ತೆಗೆದರು. ಅದು ಐದಡಿ ಉದ್ದ. ಗೋಡೆಯಿಂದ ಒಂದು ಸಲ ಹಾಕಿ, ತುದಿ ಬಂದಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ಗೆರೆಯಿಂದ ಇನ್ನೊಂದು ಸಲ ಹಾಕಿದರು. ಟೇಪಿನ ತುದಿ ಎದುರು ಗೋಡೆಗೆ ಸರಿಯಾಗಿ ತಾಗಿತು. ಎರಡು ಐದು ಹತ್ತು. ಟೇಪಣ್ಣ ಮುಖ ಗಂಟಿಕ್ಕಿ, ಬಟ್ಟೆ ಟೇಪು ಹಳೆಯದಾದರೆ ಹಿಗ್ಗುತ್ತದೆ, ಅದಕ್ಕೇ ಕಡಿಮೆ ತೋರಿಸುತ್ತೆ ಅಂದರು.

"ಊರೆಲ್ಲ ಇದ್ರಲ್ಲಿ ಅಳೆದ ಬಟ್ಟೆ ಹಾಕ್ಕೊಂಡು ಓಡಾಡ್ತಿದೆ," ಅಂದರು ಟೈಲರಮ್ಮ. "ನೀವು ಹಾಕ್ಕೊಂಡಿರೋ ಅಂಗೀನೂ ನಾನೇ ಹೊಲಿದದ್ದು. ಎಲ್ಲಾದ್ರೂ ಸಡಿಲ ಇದೆಯಾ?"

ಟೇಪಣ್ಣ ತಮ್ಮ ಅಂಗಿ ನೋಡಿಕೊಂಡರು. ಅದು ಮೈಗೆ ಎರಕ ಹೊಯ್ದ ಹಾಗಿತ್ತು. ಅಷ್ಟರಲ್ಲಿ ಟೈಲರಮ್ಮ ನನ್ನ ಕೈಯಿಂದ ಹಿತ್ತಾಳೆ ಬಳೆ ತೆಗೆದುಕೊಂಡು, ಅದರ ಬುಡದಲ್ಲಿದ್ದ ಅಂಕಿಯನ್ನು ಬೆಳಕಿಗೆ ಹಿಡಿದು, ಇದು ಒಂದರಿಂದ ಶುರುವಾಗುತ್ತಲ್ಲ ಅಂದರು.

"ಹೌದು, ಮೊದಲನೇ ಅಡಿ ಷಟರಿಗೆ ಸಿಕ್ಕಿ ಹೋಯ್ತು," ಅಂದರು ಟೇಪಣ್ಣ, ಮಕ್ಕಳಿಗೆ ಬಿಡಿಸಿ ಹೇಳುವವರ ಹಾಗೆ. "ಅದಕ್ಕೇ ಪುಸ್ತಕಮ್ಮ ಬರ್ಕೊಳ್ಳುವಾಗ ಒಂದು ಕಳೀತಾಳೆ."

"ನಾನ್ಯಾಕೆ ಕಳೀಲಿ?" ಅಂದೆ ನಾನು. "ನೀವೇ ಕಳೆದು ಹೇಳ್ತೀರಲ್ಲ."

ಪರದೆಯ ಹಿಂದೆ ಅತ್ತೆ ಗುಂಡಿ ಎಣಿಸುತ್ತಿದ್ದರು, ನಲವತ್ತೊಂದು, ನಲವತ್ತೆರಡು ಅಂತ. ಹನ್ನೊಂದು ವರ್ಷ ಅವರು ಕೂಗಿದ್ದನ್ನು ನಾನು ಹಾಗೇ ಬರೆದಿದ್ದೆ. ನಾನು ಕಳೆಯುತ್ತೇನೆ ಅಂತ ಅವರು ನಂಬಿದ್ದರು, ಅವರು ಕಳೆದು ಹೇಳುತ್ತಾರೆ ಅಂತ ನಾನು. ಎರಡು ಸಾವಿರದ ಮುನ್ನೂರು ಕಟ್ಟಡಗಳೂ ಉದ್ದಕ್ಕೊಂದು ಅಡಿ, ಅಗಲಕ್ಕೊಂದು ಅಡಿ ಕಾಗದದ ಮೇಲೆ ಬೆಳೆದು ಕೂತಿದ್ದವು.

ಓಣಿಗೆ ಬಂದ ಮೇಲೆ ನಾವು ಜಗಳವಾಡಿದ್ದನ್ನು ಗೋದಾಮಿನ ಹಮಾಲರು ಮೂಟೆ ಇಳಿಸಿ ನಿಂತು ನೋಡಿದರು. ಕಳೆದೇ ಹೇಳ್ತೀನಿ ಅಂತ ಅವತ್ತು ನೀವೇ ಹೇಳಿದ್ದಿರಿ ಅಂದೆ ನಾನು. ನಾನು ಯಾವತ್ತಾದರೂ ಲೆಕ್ಕಕ್ಕೆ ಕೈ ಹಾಕಿದ್ದೀನಾ, ನಿನಗೆ ಒಪ್ಪಿಸಿದ್ದೆ ಅಂದರು. ನನಗೆ ಒಂದಿಷ್ಟೂ ಅನುಮಾನ ಇರಲಿಲ್ಲ. ತಪ್ಪು ಅವರದೇ. ವಯಸ್ಸಾಯಿತು, ಮರೆವು, ಆದರೆ ಒಪ್ಪಿಕೊಳ್ಳುವ ಜಾತಿಯಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಅವರ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳಿತ್ತು, ನನ್ನದಕ್ಕೆ ಹದಿನಾಲ್ಕು ವರ್ಷ.

ನಮ್ಮ ಆಫೀಸಿನ ಸಾಹೇಬರು ಎಲ್ಲವನ್ನೂ ಕೇಳಿ ಕುರ್ಚಿಯಲ್ಲಿ ಎರಡು ಸುತ್ತು ತಿರುಗಿದರು. ಅವರ ಕುರ್ಚಿಗೆ ಚಕ್ರಗಳಿದ್ದವು, ಯೋಚನೆ ಬಂದಾಗಲೆಲ್ಲ ತಿರುಗುತ್ತಿದ್ದರು. ಆಮೇಲೆ ಟೇಪಣ್ಣನ ಪಾಠವನ್ನು ಟೇಪಣ್ಣನಿಗೇ ಒಪ್ಪಿಸಿದರು. ಎಲ್ಲರನ್ನೂ ಅಳೆದದ್ದು ಒಂದೇ ಟೇಪು. ಎಲ್ಲರದೂ ಏರಿದ್ದರೆ ಯಾರದೂ ಏರಿಲ್ಲ ಅಂತ ಅರ್ಥ. ದರ ತಾನೇ ಸರಿಮಾಡಿಕೊಂಡಿರುತ್ತದೆ, ಇದನ್ನು ನೀವೇ ಅಲ್ಲವೇ ಊರಿಗೆಲ್ಲ ಕಲಿಸಿದ್ದು. ಆಕೆಯೊಬ್ಬಳದು ತಿದ್ದಿದರೆ ನಾಳೆ ಎರಡು ಸಾವಿರ ಜನ ಬಾಗಿಲಲ್ಲಿರುತ್ತಾರೆ. ಅಳತೆ ಹಾಗೇ ಇರಲಿ, ಮೂವತ್ತಕ್ಕೆ ಮಿಷನ್ ತನ್ನಿ. ಬೇಕಾದರೆ ಇಪ್ಪತ್ತೆಂಟಕ್ಕೆ ತಕರಾರು ಕೇಳೋಣ, ಕೇಳಿ ವಜಾ ಮಾಡೋಣ.

ಹೊರಗೆ ಬಂದ ಮೇಲೆ ನಾನು, ನಾವಿಬ್ಬರೇ ಆ ಬಾಕಿ ಕಟ್ಟಿ ಕೈ ತೊಳೆದುಕೊಳ್ಳೋಣ ಅಂದೆ. ಆಕೆ ಅದನ್ನು ಮುಟ್ಟೋದಿಲ್ಲ ಅಂದರು ಟೇಪಣ್ಣ. ಮಧ್ಯಾಹ್ನ ಅವರು ಯಾವತ್ತೂ ಮಾಡದ ಕೆಲಸ ಮಾಡಿದರು. ನನ್ನ ಅಳತೆ ಪುಸ್ತಕವನ್ನು ತಮ್ಮ ಕಡೆಗೆ ಎಳೆದುಕೊಂಡು, ಟೀ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಾ ಕೂತರು. ನಾನು ಮುನಿಸಿನಿಂದ ತಿರುಗಿ ನೋಡಲಿಲ್ಲ. ಸಂಜೆ ಪುಸ್ತಕ ವಾಪಸು ಬಂದಾಗ ಗುರುತಿನ ಪಟ್ಟಿ ಹಸಿಹಸಿಯಾಗಿತ್ತು, ಹೊಸ ಗೋಂದಿನ ವಾಸನೆ ಬರುತ್ತಿತ್ತು. ಈ ಮುದುಕ ಪುಸ್ತಕದ ಮೇಲೂ ಗೋಂದು ಚೆಲ್ಲಿದ ಅಂತ ಇನ್ನಷ್ಟು ಉರಿದುಕೊಂಡೆ.

ಇಪ್ಪತ್ತೆಂಟರಂದು ಸಾಹೇಬರ ಕೋಣೆಯಲ್ಲಿ ಟೈಲರಮ್ಮ, ಮೆಂಬರು, ಗೋದಾಮಿನ ಯಜಮಾನರು, ನಾವಿಬ್ಬರು. ಟೈಲರಮ್ಮ ಮಡಚಿದ ಕೈಗಳನ್ನು ಬಿಚ್ಚಲೇ ಇಲ್ಲ. ಸಾಹೇಬರು ವಜಾ ಅನ್ನಲು ಪೆನ್ನು ತೆಗೆಯುವಷ್ಟರಲ್ಲಿ ಟೇಪಣ್ಣ ಎದ್ದು ನಿಂತು, ನಾನು ಇಷ್ಟು ವರ್ಷ ಕಲಿಸಿದ ಪಾಠ ಅರ್ಧ ಮಾತ್ರ ಸಾರ್, ಉಳಿದರ್ಧ ಈಗ ಹೇಳ್ತೀನಿ ಅಂದರು. ಎಲ್ಲರದೂ ಒಂದೇ ಪ್ರಮಾಣದಲ್ಲಿ ಏರಿದರೆ ದರ ಸರಿಮಾಡಿಕೊಳ್ಳುತ್ತದೆ. ಇಲ್ಲಿ ಪ್ರಮಾಣ ಒಂದೇ ಅಲ್ಲ, ಅಡಿ ಒಂದೇ.

ಊರಿನಲ್ಲಿ ಎರಡೇ ಕಟ್ಟಡ ಇವೆ ಅಂತಿಟ್ಟುಕೊಳ್ಳಿ ಅಂದರು, ಟೈಲರಮ್ಮನ ಕೋಣೆ ಮತ್ತು ಯಜಮಾನರ ಗೋದಾಮು. ಕೋಣೆ ನೂರು ಚದರಡಿ. ಗೋದಾಮು ಎಂಬತ್ತಕ್ಕೆ ಐವತ್ತು, ನಾಲ್ಕು ಸಾವಿರ. ಊರಿಗೆ ಬೇಕಾದ ಹಣ ನಾಲ್ಕು ಸಾವಿರದ ನೂರು. ಸರಿಯಾಗಿ ಅಳೆದರೆ ಆಕೆ ನೂರು ಕೊಡಬೇಕು, ಇವರು ನಾಲ್ಕು ಸಾವಿರ. ನನ್ನ ಟೇಪಿನಲ್ಲಿ ಆಕೆಯ ಕೋಣೆ ನೂರ ಇಪ್ಪತ್ತೊಂದಾಯಿತು, ನೂರಕ್ಕೆ ಇಪ್ಪತ್ತೊಂದು ಹೆಚ್ಚು. ಗೋದಾಮು ನಾಲ್ಕು ಸಾವಿರದ ನೂರ ಮೂವತ್ತೊಂದಾಯಿತು, ನೂರಕ್ಕೆ ಮೂರು ಚಿಲ್ಲರೆ ಹೆಚ್ಚು. ಈಗ ಅದೇ ನಾಲ್ಕು ಸಾವಿರದ ನೂರನ್ನು ಹಂಚಿದರೆ ಆಕೆಯ ಪಾಲಿಗೆ ನೂರ ಹದಿನೇಳರ ಹತ್ತಿರ ಬೀಳುತ್ತದೆ. ಆ ಹದಿನೇಳು ಯಾರದು? ಇವರದು. ಇವರ ಕಂದಾಯದಲ್ಲಿ ಸ್ವಲ್ಪ ಭಾಗವನ್ನು ಹನ್ನೊಂದು ವರ್ಷದಿಂದ ಆಕೆ ಮಿಷನ್ ತುಳಿದು ಕಟ್ಟುತ್ತಿದ್ದಾಳೆ. ಆಕೆಯೊಬ್ಬಳೇ ಅಲ್ಲ, ಊರಿನ ಎಲ್ಲ ಒಂಟಿ ಕೋಣೆಯವರೂ.

ಇಷ್ಟು ವರ್ಷ ಆ ಟೇಪಿಗೆ ಹಿಡಿಶಾಪ ಹಾಕುತ್ತಿದ್ದ ಗೋದಾಮಿನ ಯಜಮಾನರು ಮೆಲ್ಲಗೆ ಗಂಟಲು ಸರಿಮಾಡಿಕೊಂಡು, ಆ ಟೇಪು ಚೆನ್ನಾಗಿಯೇ ಇದೆಯಲ್ಲ, ಯಾಕೆ ಬದಲಾಯಿಸಬೇಕು ಅಂದರು. ಯಾರೂ ನಗಲಿಲ್ಲ, ನಾನೊಬ್ಬಳು ಕೆಮ್ಮಿದೆ. ಸಾಹೇಬರ ಕುರ್ಚಿ ತಿರುಗುವುದನ್ನು ನಿಲ್ಲಿಸಿತ್ತು. ಈ ಲೆಕ್ಕ ಬರಹದಲ್ಲಿ ಮೇಲಕ್ಕೆ ಹೋದರೆ ಯಾರಾದರೊಬ್ಬರು ತಲೆ ಕೊಡಬೇಕಾಗುತ್ತದೆ ಅಂತ ಅವರಿಗೂ ಗೊತ್ತಿತ್ತು.

"ಯಾರು ಕಳೀಬೇಕಿತ್ತು?" ಅಂತ ಕೇಳಿದರು.

"ನಾನೇ ಸಾರ್," ಅಂದರು ಟೇಪಣ್ಣ. "ಕಳೆದು ಹೇಳ್ಬೇಕಿತ್ತು. ಮರೆತೆ."

ಆ ಕ್ಷಣ ನನಗಾದ ಖುಷಿಯನ್ನು ಈಗ ಬರೆಯಲು ನಾಚಿಕೆಯಾಗುತ್ತದೆ. ಗೆದ್ದೆ ಅನ್ನಿಸಿತು. ಕೊನೆಗೂ ಮುದುಕ ದಾರಿಗೆ ಬಂದ ಅಂದುಕೊಂಡೆ. ಅಲ್ಲಿಂದ ನಾಲ್ಕು ವಾರ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ನನ್ನ ತಂಗಿಯ ಮನೆಯಲ್ಲಿ, ನೋಡಿದಿರಾ ತಪ್ಪು ಯಾರದು ಅಂತ ಹೇಳಿಕೊಂಡು ತಿರುಗಿದೆ. ಕ್ಷೌರದ ಅಂಗಡಿಯವನಿಗೆ ಎರಡು ಸಲ ಹೇಳಿದೆ.

ಜಪ್ತಿ ನೋಟಿಸನ್ನು ಅವತ್ತೇ ಹಿಂದಕ್ಕೆ ಪಡೆದರು. ಮಿಷನ್ ಕಿಟಕಿಯ ಪಕ್ಕದಿಂದ ಅಲ್ಲಾಡಲಿಲ್ಲ. ಮೇಲಿನವರು ಒಂದು ಹೊಸ ಟೇಪು ಮಂಜೂರು ಮಾಡಿದರು, ಊರನ್ನು ಮತ್ತೆ ಅಳೆಯಲು ಬೇರೆ ಕಡೆಯಿಂದ ಇಬ್ಬರನ್ನು ಕಳಿಸಿದರು. ಎಲ್ಲ ಕಟ್ಟಡಗಳೂ ಒಂದೊಂದು ಅಡಿ ಕುಗ್ಗಿ, ಒಟ್ಟು ಬೆಲೆ ಇಳಿದು, ಮುಂದಿನ ವರ್ಷಕ್ಕೆ ದರ ಸಾವಿರಕ್ಕೆ ಎಂಟೂವರೆ ಆಯಿತು. ಕಂದಾಯ ಏರಿಸಿದರು ಅಂತ ಮೆಂಬರು ಧರಣಿ ಕೂತರು, ಅವರ ಪಕ್ಕದಲ್ಲೇ ಗೋದಾಮಿನ ಯಜಮಾನರು. ಏರಿದ ದರದಲ್ಲೂ ಟೈಲರಮ್ಮನದು ನಾನೂರ ಎಂಬತ್ತನಾಲ್ಕರಿಂದ ನಾನೂರ ಇಪ್ಪತ್ತೈದಕ್ಕೆ ಇಳಿಯಿತು. ಆಕೆ ಬಂದು, ಹಾಗಾದರೆ ಮೂರು ವರ್ಷ ನಾನು ಕಟ್ಟಿದ್ದರಲ್ಲೂ ವರ್ಷಕ್ಕೆ ಇಪ್ಪತ್ತೈದು ಕಡಿಮೆ ಅಲ್ವಾ ಅಂತ ಕೇಳಿದರು. ಅದಕ್ಕೂ ಹಿಂದಿನ ಎಂಟು ವರ್ಷ ನೀವು ಹೆಚ್ಚು ಕಟ್ಟಿದ್ದೀರಿ, ಅದರಲ್ಲಿ ಮುರಿದುಕೊಳ್ತೀವಿ ಅಂದೆ. ಬರೆದುಕೊಡಿ ಅಂದರು. ಸಹಿ ಹಾಕಿ ಕೊಟ್ಟೆ, ಈ ಸಲ ಓದಿ.

ಟೇಪಣ್ಣನಿಗೆ ಒಂದು ಛೀಮಾರಿ ಪತ್ರ ಬಂತು, ಒಂದು ಇಂಕ್ರಿಮೆಂಟು ಕಟ್ಟಾಯಿತು. ಬೀಳ್ಕೊಡುಗೆಯ ದಿನ ಹೂಗುಚ್ಛ ಕೊಟ್ಟ ಸಾಹೇಬರು ಒಂದು ಸಣ್ಣ ತಪ್ಪಿನ ಹೊರತು ಅಂತ ಮಾತು ಶುರುಮಾಡಿದರು. ಟೇಪಣ್ಣ ತಲೆ ತಗ್ಗಿಸಿ ಬಿಸ್ಕತ್ತು ತಿನ್ನುತ್ತಿದ್ದರು. ಅವರ ಹೆಂಡತಿ ಇಡೀ ಕಥೆ ಕೇಳಿ ಹೇಳಿದ್ದು ಇಷ್ಟೇ ಅಂತೆ, ಹಾಗಾದ್ರೆ ಪಾಪ ಆ ಬಡಗಿ ಕಳ್ಳ ಅಲ್ಲ.

ಅವರು ಹೋದ ಮರುವಾರ ಹೊಸ ಅಳತೆ ಪುಸ್ತಕ ಬಂತು. ಹಳೆಯದನ್ನು ಕಟ್ಟಿಡುವ ಮುನ್ನ ಗುರುತಿನ ಪಟ್ಟಿಯನ್ನು ಇದಕ್ಕೇ ಹಾಕಿಕೊಳ್ಳೋಣ ಅಂತ ಎಳೆದೆ. ಹೊಸದಾಗಿ ಮೆತ್ತಿದ ಗೋಂದು ಪುಟಕ್ಕೆ ಅಂಟಿಕೊಂಡು, ಮಡಿಕೆ ಬಿಚ್ಚಿತು. ಒಳಗೆ ಕೊಳೆ ಹತ್ತಿರಲಿಲ್ಲ. ಹಳದಿ ಬಟ್ಟೆ, ಅದರ ಮೇಲೆ ಒಂದರಿಂದ ಹನ್ನೆರಡು ಅಂಗುಲ. ಟೇಪಿನ ಕಳೆದುಹೋದ ಮೊದಲ ಅಡಿ. ಅಂಚಿನಲ್ಲಿ ಟೇಪಣ್ಣನ ಕೆಂಪು ಶಾಯಿ: ಪ್ರತಿ ಅಳತೆಗೂ ಒಂದಡಿ ಕಳೆದು ಬರೆದುಕೊಳ್ಳುವುದು, ನೆನಪಿಗಾಗಿ ಈ ತುಂಡನ್ನು ಕೊಡಲಾಗಿದೆ. ಅದರ ಕೆಳಗೆ ಹನ್ನೊಂದು ವರ್ಷದ ಹಿಂದಿನ ತಾರೀಖು, ತಾರೀಖಿನ ಮುಂದೆ ನನ್ನ ಸಹಿ.

ಆ ದಿನ ಮಧ್ಯಾಹ್ನ ಪುಸ್ತಕ ಎಳೆದುಕೊಂಡಾಗಲೇ ಅವರು ಇದನ್ನು ಬಿಚ್ಚಿ ಓದಿ, ಮತ್ತೆ ಗೋಂದು ಮೆತ್ತಿ ಮುಚ್ಚಿಟ್ಟಿದ್ದರು. ಓದಿದ ಮೇಲೂ ಸಾಹೇಬರ ಮುಂದೆ ಎದ್ದು ನಿಂತು ಹಾಗೆ ಹೇಳಿದ್ದರು.

ಅರ್ಧ ದಿನ ರಜೆ ಬರೆದು ಅವರ ಮನೆಗೆ ಓಡಿದೆ. ನಡುಮನೆಯಲ್ಲಿ ಬಡಗಿ ಬೀರುವನ್ನು ಮಲಗಿಸಿ ಒಂದಡಿ ಕೊಯ್ಯುತ್ತಿದ್ದ, ಟೇಪಣ್ಣ ಅದರ ಇನ್ನೊಂದು ತುದಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು. ಹನ್ನೊಂದು ವರ್ಷದ ಮೇಲೆ ಕಿಟಕಿ ಪೂರ್ತಿ ತೆರೆದಿತ್ತು. ನಾನು ಪಟ್ಟಿಯನ್ನು ಮುಂದೆ ಹಿಡಿದೆ. ಅವರು ಅಂಗಿಯ ಮೇಲಿನ ಮರದ ಪುಡಿ ಕೊಡವಿಕೊಂಡು, ಓ ಅದಾ ಅಂದರು, ನಿನ್ನೆ ಕಳೆದ ಕೊಡೆ ಸಿಕ್ಕಿತು ಅನ್ನುವ ಹಾಗೆ. ನಾನು ಊರೆಲ್ಲ ಹೇಳಿಕೊಂಡು ಬಂದದ್ದು ಅವರ ಕಿವಿಗೆ ಬಿದ್ದಿಲ್ಲವೆಂದರೆ ನಂಬುವಂತಿರಲಿಲ್ಲ. ಯಾಕೆ ತೋರಿಸಲಿಲ್ಲ, ಯಾಕೆ ಹಾಗೆ ಹೇಳಿದಿರಿ ಅಂತ ಕೇಳಿದೆ. ನಾಳೆಯೇ ಸಾಹೇಬರ ಹತ್ತಿರ ಹೋಗಿ ಹೇಳುತ್ತೇನೆ ಅಂದೆ. ಫೈಲು ಮುಚ್ಚಿದೆ, ಮಲಗಿದವರನ್ನು ಎಬ್ಬಿಸಬೇಡ ಅಂದರು.

"ಇಂಕ್ರಿಮೆಂಟು ಒಂದೇ," ಅಂದರು. "ನನ್ನದಾದ್ರೆ ನಾಲ್ಕು ತಿಂಗಳು ಕಟ್ಟಾಗುತ್ತೆ. ನಿನ್ನದಾದ್ರೆ ಹದಿನಾಲ್ಕು ವರ್ಷ. ಉಳಿದ ಲೆಕ್ಕ ನೀನೇ ಹಾಕ್ಕೋ. ಓದೋದಷ್ಟೇ ನನ್ನ ಕೆಲಸ."

ನಾನು ಅಲ್ಲೇ, ಬಡಗಿಯ ಎದುರಿಗೇ, ನಾಚಿಕೆಯಿಂದ ಅತ್ತೆ. ಅವರ ಹೆಂಡತಿ ಒಳಗಿನಿಂದ ನೀರು ತಂದರು. ಟೇಪಣ್ಣ ಜೇಬಿನಿಂದ ತಮ್ಮ ಕರ್ಚೀಫು ತೆಗೆದು ನನ್ನ ಕೈಗಿಟ್ಟರು. ಸಹಿ ಕೇಳಲಿಲ್ಲ.